ಜಲಜಕ್ಕನ ಲೈವ್

ಜಲಜಕ್ಕ ಒಂದು ಕಡೆ ಕೂತದ್ದನ್ನು ನಾನು ನೋಡಿಯೇ ಇಲ್ಲ. ಬಣಕಲ್ ಬಸ್‌ಸ್ಟ್ಯಾಂಡ್ ಪಕ್ಕದ ನಮ್ಮ ದಿನಸಿ ಅಂಗಡಿಗೆ ಅವರು ಗಿಡದ ಪಾರ್ಸೆಲ್ ಬಸ್ಸಿಗೆ ಹಾಕಲು ಬರುತ್ತಿದ್ದರು. ಸ್ಟೂಲ್ ಕೊಟ್ಟರೆ ಅದರ ಮೇಲೆ ಪೆಟ್ಟಿಗೆ ಇಟ್ಟು, ತಾವು ನಿಂತೇ ಫೋನ್ ನೋಡುತ್ತಿದ್ದರು. ಬೆರಳ ತುಂಬ ಮಣ್ಣು; ಪರದೆ ಒರೆಸಿ ಒರೆಸಿ ಸೆರಗಿನ ತುದಿ ಯಾವಾಗಲೂ ಕೆಂಪು.

ಗಂಡ ರಾಜಣ್ಣ ಹತ್ತಿರದ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ನೋಡಿಕೊಳ್ಳುವ ಕೆಲಸ. ಕ್ವಾರ್ಟರ್ಸಿನ ಹಿತ್ತಿಲಲ್ಲಿ ಜಲಜಕ್ಕ ಆಂಥೂರಿಯಂ, ಬಿಗೋನಿಯ ಬೆಳೆಸಿ, ಸೋಷಿಯಲ್ ಮೀಡಿಯಾದಲ್ಲಿ ಪೇಜ್ ಮಾಡಿ ಮಾರುತ್ತಿದ್ದರು. ದಿನಾ ಸಂಜೆ ಲೈವ್.

"ನಿಮ್ಮನೆ ಬಾಲ್ಕನಿ ಯಾವ ಕಡೆಗಿದೆ ಹೇಳಿ. ಪಶ್ಚಿಮಕ್ಕಾ? ಹಾಗಾದ್ರೆ ನಿಮಗೆ ಕೊಡಲ್ಲ ಮಾರಾಯ್ರೆ, ಅಲ್ಲಿ ಬೆಂದು ಹೋಗುತ್ತೆ ಅದು."

ಹೀಗೆ ಗಿರಾಕಿಗಳನ್ನು ಗದರಿಸಿಯೇ ಅವರು ಹೆಸರು ಮಾಡಿದ್ದು. ಆದರೆ ನೋಡುವವರ ಸಂಖ್ಯೆ ಇಳಿದರೆ, ಊಟದ ಪಂಕ್ತಿಯಿಂದ ನೆಂಟರು ಎದ್ದು ಹೋದಂತೆ ಚಡಪಡಿಸುತ್ತಿದ್ದರು. "ನಿನ್ನೆ ಇದ್ದೋರೆಲ್ಲ ಇವತ್ತು ಎಲ್ಲಿ ಹೋದ್ರು?" ಎಂದು ನನ್ನನ್ನೇ ಕೇಳುತ್ತಿದ್ದರು.

ಒಂದು ವರ್ಷ, ಮಳೆ ಹಿಡಿಯುವ ಮುಂಚೆ, ಅತ್ತಿಗುಂಡಿಯ ತಂಗಿ ಮನೆಗೆ ಹೋಗಿದ್ದಾಗ ರಸ್ತೆಬದಿಯ ಮರದ ಕೊಂಬೆಗೆ ಅಂಟಿ ಬೆಳೆದ ಕಾಡು ಆರ್ಕಿಡ್, ಸೀತಾಳೆ ದಂಡೆ, ಅರಳಿದ್ದು ಕಂಡಿತು. ತಕ್ಷಣ ಲೈವ್ ಹಚ್ಚಿದರು. ಜಡೆಯಂತೆ ಇಳಿಬಿದ್ದ ಆ ಹೂಗಳನ್ನು ಅಂಗಡಿಯಲ್ಲಿ ನಾನೂ ನೋಡುತ್ತಿದ್ದೆ. ನೋಡುವವರು ಏರುತ್ತಲೇ ಇದ್ದರು. ಯಾರೋ ಜಾಗ ಯಾವುದೆಂದು ಕೇಳಿದರು. ಖುಷಿಯ ಭರದಲ್ಲಿ ಜಲಜಕ್ಕ ಊರು, ತಿರುವು, ಮರ ಎಲ್ಲವನ್ನೂ ಹೇಳಿಬಿಟ್ಟರು.

ಕೆಲವೇ ದಿನಗಳಲ್ಲಿ ತಂಗಿಯ ಫೋನ್ ಬಂತು. ಯಾರೋ ಏಣಿ ತಂದು ಗಿಡವನ್ನೇ ಕಿತ್ತೊಯ್ದಿದ್ದರು. ಜಲಜಕ್ಕ ಸಿಕ್ಕ ಬಸ್ ಹತ್ತಿ ಹೋಗಿ ನೋಡಿ, ವಾಪಸ್ ಅಂಗಡಿಗೆ ಬಂದರು. ನಾನು ಕೊಟ್ಟ ಚಹಾ ಕೈಯಲ್ಲೇ ಆರಿತು.

"ತೊಗಟೆ ಸಮೇತ ಎಬ್ಬಿಸಿದ್ದಾರೆ."

"ಹೀಗಾಗುತ್ತೆ ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು ಜಲಜಕ್ಕ?"

"ಗೊತ್ತಿರ್ಬೇಕಿತ್ತು ಮಾರಾಯ್ತಿ. ಕೇಳ್ತಿರೋದು ಯಾರು ಅಂತ ನೋಡ್ಲೇ ಇಲ್ಲ. ಎಷ್ಟು ಜನ ಇದ್ದಾರೆ ಅಂತಷ್ಟೇ ನೋಡ್ದೆ."

ಅಲ್ಲೇ, ಅಂಗಡಿ ಮುಂದೆ ನಿಂತು ಲೈವ್ ಮಾಡಿದರು. ಬೋಳಾದ ಕೊಂಬೆಯ ಫೋಟೋ ತೋರಿಸಿ, "ದಾರಿ ಹೇಳಿದ್ದು ನಾನು. ತಪ್ಪು ನಂದು. ಕಾಡಿನ ಗಿಡ ಇನ್ನು ಯಾರೂ ನನ್ನ ಹತ್ರ ಕೇಳ್ಬೇಡಿ" ಎಂದರು. ಕೆಳಗೆ ಒಬ್ಬರು ಬರೆದಿದ್ದರು: ಬಿಳಿ ಆಂಥೂರಿಯಂ ಸ್ಟಾಕ್ ಇದೆಯಾ? ಜಲಜಕ್ಕ ಅದನ್ನು ಗಟ್ಟಿಯಾಗಿ ಓದಿ, ನಕ್ಕು, ಅಂಗೈಯಿಂದ ಕಣ್ಣು ಮುಚ್ಚಿಕೊಂಡರು.

ಆ ಮಳೆಗಾಲ ಕಳೆದ ಮೇಲೆ ರಾಜಣ್ಣನಿಗೆ ಸಂಸೆ ಊರಿನಿಂದಲೂ ಆಚೆ, ಕಾಡಿನೊಳಗಿರುವ ಎಸ್ಟೇಟಿನಲ್ಲಿ ಕೆಲಸವಾಯಿತು. ಕುಂಡಗಳನ್ನೆಲ್ಲ ಪಿಕಪ್‌ಗೆ ತುಂಬಿ ಹೊರಟರು. ಅಲ್ಲಿ ನೆಟ್‌ವರ್ಕ್ ಇಲ್ಲವೆಂದು ರಾಜಣ್ಣ ಆಗಷ್ಟೇ ಬಾಯಿಬಿಟ್ಟದ್ದು. ಜಲಜಕ್ಕ ಹಗ್ಗ ಬಿಗಿಯಾಗಿದೆಯೇ ಎಂದು ಮತ್ತೆ ಮತ್ತೆ ಎಳೆದು ನೋಡಿದರು.

ಆಮೇಲೆ ಪೇಜ್ ಸುಮ್ಮನಾಯಿತು. ಒಮ್ಮೆ ಮಾತ್ರ ಸಂಸೆ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದ್ದರು. ಹಿಂದೆ ಜೀಪಿನ ಹಾರ್ನ್, ಕೂಗಾಟ.

"ಪೇಜ್‌ನಲ್ಲಿ ಯಾರಾದ್ರೂ ಕೇಳಿದ್ರಾ?"

"ತುಂಬಾ ಜನ ಕೇಳ್ತಾನೇ ಇದ್ದಾರೆ."

"ಗಿಡ ಕೇಳಿದ್ರಾ, ನನ್ನ ಕೇಳಿದ್ರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಯಿತು. ತಿರುಗಿ ಮಾಡಿದೆ. ಮತ್ತೆ ಮಾಡಿದೆ. ಸಿಗಲಿಲ್ಲ.