ಹೆಸರು ಕರೆಯುತ್ತಿದ್ದ ಅವ್ವ

ಮೊನ್ನೆ ಬೆಳಿಗ್ಗೆ ಸೊಸೆಯ ಕೈಯಿಂದ ಹಾಲಿನ ಪ್ಯಾಕೆಟ್ ಜಾರಿ ಅಂಗಳದಲ್ಲಿ ಬಿದ್ದು ಒಡೆಯಿತು. ರಾತ್ರಿಯ ಮಳೆಗೆ ನೆಲ ಇನ್ನೂ ಹಸಿಯಾಗಿತ್ತು. ಹಸಿ ಹಾಲು ಒದ್ದೆ ಮಣ್ಣಿಗೆ ಬಿದ್ದರೆ ಒಂದು ವಾಸನೆ ಏಳುತ್ತದೆ. ಅರ್ಧ ಸಿಹಿ, ಅರ್ಧ ಹೊಳೆದಂಡೆಯ ಕೆಸರು. ಅವಳು ತೊಳೆಯಲು ನೀರು ತಂದಳು. "ಇರಲಿ ಬಿಡಮ್ಮ, ಆಮೇಲೆ ತೊಳೆದರಾಯ್ತು" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊಳೆನರಸೀಪುರದ ಆ ಮನೆ, ಆ ಗೋಡೆ, ಗೋಡೆಯಾಚೆಯ ಆ ದನಿ…

ಮದುವೆಯಾಗಿ ಹಾಸನದಿಂದ ಅಲ್ಲಿಗೆ ಹೋದಾಗ ನನಗೆ ಹತ್ತೊಂಬತ್ತು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೊಳೆಗೆ ಹೋಗುವ ಬೀದಿಯಲ್ಲಿ ಒಂದು ಹೆಂಚಿನ ಮನೆಯ ಅರ್ಧ ಭಾಗ ನಮಗೆ ಬಾಡಿಗೆಗೆ ಸಿಕ್ಕಿತ್ತು. ಇನ್ನರ್ಧದಲ್ಲಿ ಮನೆಯ ಒಡತಿ ಇದ್ದಳು. ಐವತ್ತು ದಾಟಿದವಳು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬೀದಿಯವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಡುವಿನ ಮಣ್ಣಿನ ಗೋಡೆ ಮಾಡಿನವರೆಗೆ ಏರಿರಲಿಲ್ಲ. ಅವಳ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ನಮ್ಮಿಬ್ಬರ ಜಗಳ ಅವಳಿಗೆ ಪೂರ್ತಿ ಕೇಳುತ್ತಿತ್ತು.

ಅವ್ವನ ಕಡೆಯವರು ತಮ್ಮನ್ನು ಹೊಳೆಯಜ್ಜಿಯ ಮಕ್ಕಳು ಎಂದುಕೊಳ್ಳುತ್ತಿದ್ದರು. ಹೊಳೆಯಜ್ಜಿ ಎಂದರೆ ತಲೆಯ ಮೇಲೆ ಕೋಳಿಯ ಜುಟ್ಟಿನಂಥ ಕೆಂಪು ಜುಟ್ಟಿದ್ದ, ಬೆನ್ನಿಗೆ ರೆಕ್ಕೆಯಿದ್ದ ದೊಡ್ಡ ಸರ್ಪ. ಬೆಟ್ಟದಿಂದ ಇಳಿದು ಬಂದವಳು ಇಲ್ಲಿ ಅವಳಿ ಹೆತ್ತಳಂತೆ, ಒಂದು ಮನುಷ್ಯ, ಒಂದು ಹಾವು. "ಒಳೆ ಇಂಗೆ ಸುತ್ಕೊಂಡು ಸುತ್ಕೊಂಡು ಓಗ್ತದಲ್ಲ, ಅದು ನಮ್ಮಜ್ಜಿ ಅರಿದು ಓದ ದಾರಿ ಕಣವ್ವ. ಚಳೀಲಿ ನೀರ ಮ್ಯಾಲೆ ಮಂಜು ಏಳ್ತದಲ್ಲ, ಅದು ಅವಳ ಉಸ್ರು" ಎಂದು ಅವ್ವ ಹೇಳಿದ್ದಳು. ಪಕ್ಕದೂರಿನ ನೆಂಟರ ಸುದ್ದಿ ಹೇಳುವ ಹಾಗೆ ಹೇಳಿದ್ದಳು.

ಹಾಗಾಗಿ ಅವರಲ್ಲಿ ಹಾವಿಗೆ ಹಾವು ಎನ್ನುತ್ತಿರಲಿಲ್ಲ, ತಾತ ಎನ್ನುತ್ತಿದ್ದರು. ಪಡವಲಕಾಯಿ ಮನೆಯೊಳಗೆ ತರುತ್ತಿರಲಿಲ್ಲ. ಹಿತ್ತಲಲ್ಲಿ ಪೊರೆ ಸಿಕ್ಕಿದರೆ, ತಾತ ಹಳೇ ಅಂಗಿ ಬಿಚ್ಚಿಟ್ಟು ಹೋಗವ್ರೆ ಎಂದು ಮಡಿಸಿ ಅಕ್ಕಿ ಮಡಕೆಯಲ್ಲಿಡುತ್ತಿದ್ದರು. ಹಾವು ಸತ್ತದ್ದು ಕಂಡರೆ ಬಿಳಿ ಬಟ್ಟೆ ಹೊದಿಸಿ ಹೂತು ಮೂರು ದಿನ ಒಲೆ ಹಚ್ಚುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ, ಅವರೆಲ್ಲ ಹೊಳೆಗೆ ಸೇರುತ್ತಿದ್ದರು. ದಂಡೆಯಲ್ಲಿ ಹಸಿ ಹಾಲು ಹೊಯ್ದು, ತೀರಿಹೋದ ತಮ್ಮವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಹೊಳೆಯಜ್ಜಿಯಿಂದ ಹಿಡಿದು ಹೋದ ವರ್ಷ ಸತ್ತವರವರೆಗೆ ನೂರಕ್ಕೂ ಮೇಲೆ ಹೆಸರು. ಬರೆದಿಡುವಂತಿರಲಿಲ್ಲ. ಕರೆಯುವವಳು ಒಬ್ಬಳೇ, ಆಗ ಅದು ಅವ್ವ. ಮರೆಯದಿರಲೆಂದು ದಿನಾ ಬೆಳಿಗ್ಗೆ ಕಸ ಗುಡಿಸುತ್ತ ಹೇಳಿಕೊಳ್ಳುತ್ತಿದ್ದಳು. ಗೋಡೆಯ ಈಚೆ ನಾನು ಒಲೆ ಊದುತ್ತ ಕೇಳುತ್ತಿದ್ದೆ. ಮೂರು ವರ್ಷ ಕೇಳಿದೆ.

ನನ್ನ ದೊಡ್ಡ ಮಗನಿಗೆ ಆಗ ಎಂಟು ತಿಂಗಳು. ಬೇಸಿಗೆ. ಹಿತ್ತಲಲ್ಲಿ ನುಗ್ಗೆ ಮರದ ನೆರಳಿಗೆ ಚಾಪೆ ಹಾಕಿ ಅವನನ್ನು ಕೂರಿಸಿ ನಾನು ಬಾವಿಯಲ್ಲಿ ನೀರು ಸೇದುತ್ತಿದ್ದೆ. ಅವ್ವ ಅಲ್ಲೇ ಒರಳಲ್ಲಿ ಭತ್ತ ಕುಟ್ಟುತ್ತಿದ್ದಳು. ಒನಕೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಮಗುವಿನ ಮುಂದೆ ಒಂದು ಮೊಳ ಎತ್ತರಕ್ಕೆ ನಾಗರ ಹೆಡೆ.

"ತಾತ, ದಾರಿ ಬುಡು" ಎಂದಳು ಅವ್ವ, ಮೆಲ್ಲಗೆ. "ಕೂಸು ಕಣಪ್ಪಾ ಅದು. ಏನೂ ಅರೀದು. ಓಗು ನನ್ನಪ್ಪಾ."

ಎರಡು ಸಲ ಹೇಳಿದಳು, ಮೂರನೇ ಸಲವೂ ಹೇಳಿದಳು. ಮಗು ನಕ್ಕು, ಆಟದ ಸಾಮಾನು ಎಂದುಕೊಂಡು ಕೈ ಚಾಚಿತು. ಹೆಡೆ ಹಿಂದಕ್ಕೆ ಬಾಗಿತು. ಅದು ಮುಂದೆ ಎರಗುವ ಮೊದಲು ಒನಕೆ ಬಿತ್ತು.

ನಾನು ಓಡಿ ಮಗನನ್ನು ಎತ್ತಿಕೊಂಡೆ. ಅವನ ಮೈಕೈಯೆಲ್ಲ ತಡವಿ ನೋಡಿದೆ, ಒಂದು ಗೀರೂ ಇರಲಿಲ್ಲ. ಅವ್ವ ಹಾವಿನ ಪಕ್ಕ ಕುಸಿದು ಕೂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಹೆತ್ತಪ್ಪ ಸತ್ತಾಗ ಅಳುವ ಹಾಗೆ ಅಳುತ್ತಿದ್ದಳು. ಅವಳನ್ನು ಹಿಡಿದುಕೊಳ್ಳಬೇಕಿತ್ತು. ನಾನು ಮಗನನ್ನೇ ಅವಚಿಕೊಂಡು ನಿಂತಿದ್ದೆ.

ಹಾವಿಗೆ ತಾನೇ ನೀರು ಹೊಯ್ದು, ತನ್ನ ಬಿಳಿ ಸೀರೆ ಹರಿದು ಹೊದಿಸಿ, ಬೇಲಿಯ ಬುಡದಲ್ಲಿ ಹೂತಳು. ಮೂರು ದಿನ ನಾನೇ ಅನ್ನ ಒಯ್ದು ಕೊಟ್ಟೆ. ಎರಡು ತುತ್ತು ತಿನ್ನುತ್ತಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ಪೊರಕೆಯ ಸದ್ದು ಕೇಳಿತು. ಹೆಸರು ಕೇಳಲಿಲ್ಲ.

ಆ ವಾರ ದಂಡಿಗನಹಳ್ಳಿಯಿಂದ ಅವಳ ಮೈದುನ ಬಂದ, ಹದಿನಾರು ವರ್ಷದ ಮಗಳನ್ನು ಕರೆದುಕೊಂಡು. ಆತನಿಗೆ ಸಿಟ್ಟಿರಲಿಲ್ಲ, ಸಂಕಟವಿತ್ತು. ಗೋಡೆಯಾಚೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಕಟ್ಟಳೆ ಅತ್ಗೆ, ನಾನು ಮಾಡಿದ್ದಲ್ಲ. ತಾತನ್ನ ಒಡ್ದ ಕೈ ಆಲು ಉಯ್ಯಂಗಿಲ್ಲ. ಆ ಬಾಯಿ ಎಸ್ರು ಕರ್ಯಂಗಿಲ್ಲ. ನಾಳೆ ದಿನ ನೀವು ಓದ್ಮೇಲೆ ನಿಮ್ ಎಸ್ರೂ…"

"ಗೊತ್ತು ಕಣಪ್ಪ" ಎಂದಳು ಅವ್ವ. "ಒನಕೆ ಎತ್ತೋವಾಗ್ಲೇ ಗೊತ್ತಿತ್ತು."

ಇನ್ನು ಮುಂದೆ ಆ ಹುಡುಗಿ ಕರೆಯಬೇಕು. ಅವಳಿಗೆ ಮೊದಲ ನಲವತ್ತು ಹೆಸರು ಬರುತ್ತಿತ್ತು. ಉಳಿದದ್ದನ್ನು ಅವ್ವ ಕಲಿಸುವುದರೊಳಗೆ ಹೀಗಾಗಿತ್ತು. ಈಗ ಕಲಿಸಲೆಂದು ಕೂಡ ಅವಳು ಬಾಯಿ ತೆರೆಯುವಂತಿಲ್ಲ. "ಆಗಾದ್ರೆ ಅಷ್ಟೂ ಜನ ಓದಂಗೇನಾ ದೊಡ್ಡವ್ವ?" ಎಂದಿತು ಹುಡುಗಿ.

ನಾನು ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಆಚೆ ಮನೆಗೆ ಹೋದೆ.

"ನನಗೆ ಬರುತ್ತೆ" ಎಂದೆ.

ಮೈದುನ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಅವರ ಪೈಕಿಯವಳಲ್ಲ. ಆದರೆ ಅನ್ಯರು ಕಲಿಸಬಾರದು ಎಂದು ಯಾವ ಕಟ್ಟಳೆಯೂ ಇರಲಿಲ್ಲ, ಏಕೆಂದರೆ ಅಂಥದೊಂದು ಹಿಂದೆ ಯಾರಿಗೂ ಹೊಳೆದಿರಲಿಲ್ಲ. ಹುಡುಗಿ ಆ ಬೇಸಿಗೆಯೆಲ್ಲ ಅಲ್ಲೇ ಉಳಿದಳು. ನಾನು ಹೇಳುತ್ತಿದ್ದೆ, ಅವಳು ತಿರುಗಿ ಹೇಳುತ್ತಿದ್ದಳು. ಅವ್ವ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೂತಿರುತ್ತಿದ್ದಳು. ನಾನು ತಪ್ಪಿದರೆ ಬೆರಳಿನಿಂದ ನೆಲಕ್ಕೆ ತಟ್ಟುತ್ತಿದ್ದಳು. ನಿಲ್ಲಿಸಿ ನೆನಪಿಸಿಕೊಂಡು ಸರಿಯಾಗಿ ಹೇಳಿದರೆ ಮತ್ತೆ ಕೆಲಸಕ್ಕೆ ತೊಡಗುತ್ತಿದ್ದಳು. ನೂರು ದಾಟಿದ ಮೇಲೆ ಅವಳ ಗಂಡನ ಹೆಸರು ಬರುತ್ತಿತ್ತು. ಅಲ್ಲಿ ಕೈ ಒಂದು ಕ್ಷಣ ಸುಮ್ಮನಾಗುತ್ತಿತ್ತು…

ಒಂದು ದಿನ ಕೇಳಿದೆ, "ಅವ್ವ, ನನ್ನ ಮೇಲೆ ಬೇಜಾರಿಲ್ಲವಾ?"

"ನಿನ್ ಮ್ಯಾಲ್ಯಾಕೆ? ತಾತನ್ ಮ್ಯಾಲೆ ಬೇಜಾರು. ಮೂರು ಸಲ ಯೋಳ್ದೆ, ಕೇಳ್ನಿಲ್ಲ ನೋಡು" ಎಂದು ಮಗನನ್ನು ತೊಡೆಗೆ ಎಳೆದುಕೊಂಡಳು.

ಆ ಕಾರ್ತಿಕದಲ್ಲಿ ಹುಡುಗಿ ಒಂದೂ ಬಿಡದೆ ಕರೆದಳು. ಅವ್ವ ದಂಡೆಯ ಮೇಲೆ, ಎಲ್ಲರ ಹಿಂದೆ, ನನ್ನ ಪಕ್ಕದಲ್ಲಿ ನಿಂತಿದ್ದಳು.

ಅರವತ್ತರ ದಶಕದ ನಡುವೆ ನಮಗೆ ಅರಕಲಗೂಡಿಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಅವ್ವನನ್ನು ನೋಡಿ ಬರುತ್ತಿದ್ದೆ. ಒಂದು ಮಾಘದಲ್ಲಿ ಮೈದುನನ ಕಾರ್ಡು ಬಂತು. ನನ್ನ ಕೈಗೆ ಸೇರುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಮುಖ ನೋಡಲಾಗಲಿಲ್ಲ.

ಮುಂದಿನ ಕಾರ್ತಿಕಕ್ಕೆ ನಾಲ್ಕು ದಿನ ಇರುವಾಗ ಆ ಹುಡುಗಿ ನಮ್ಮ ಬಾಗಿಲಿಗೆ ಬಂದು ನಿಂತಳು. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು, ಬಗಲಲ್ಲಿ ಮಗುವಿತ್ತು. ಕಾಫಿ ಲೋಟ ಹಾಗೇ ಹಿಡಿದುಕೊಂಡು ಕೂತಿದ್ದಳು.

"ಅಕ್ಕಾ, ದೊಡ್ಡವ್ವನ ಎಸ್ರು ನಾನು ಕರ್ಯಂಗಿಲ್ಲ" ಎಂದಳು. "ನಮ್ಮೋರ್ ಯಾರೂ ಕರ್ಯಂಗಿಲ್ಲ. ನೀವು ಕರೀಬೋದು ಅಲ್ವಾ?"

ಹೋದೆ. ಹೊಳೆಯ ಮೇಲೆ ದಟ್ಟ ಮಂಜು. ಅವಳು ಹಾಲು ಹೊಯ್ದು ಎಲ್ಲರನ್ನೂ ಕರೆದು ಮುಗಿಸಿ ಪಕ್ಕಕ್ಕೆ ಸರಿದಳು. ಮೈದುನ ನನ್ನನ್ನು ನೋಡಿದ. ತಡೆಯುತ್ತಾನೇನೋ ಎಂದುಕೊಂಡೆ. ಅವನು ಮೆಲ್ಲಗೆ ಬೆನ್ನು ತಿರುಗಿಸಿದ.

"ನಂಗೆ ಈಚೀಚೆಗೆ ಕಿವಿ ಮಂದ ಕಣವ್ವ" ಎಂದ. "ನೀವೇನು ಕರದ್ರೋ ನಂಗೆ ಕೇಳ್ಸಕಿಲ್ಲ."

ನೀರಿಗೆ ಇಳಿದು ಅವ್ವನ ಹೆಸರನ್ನು ಗಟ್ಟಿಯಾಗಿ ಕರೆದೆ. ಅವಳು ಇದ್ದಾಗ ಒಮ್ಮೆಯೂ ಆ ಹೆಸರಿನಿಂದ ಕರೆದಿರಲಿಲ್ಲ. ಮೈದುನನ ಭುಜ ಅಲುಗುತ್ತಿತ್ತು.

ಎಷ್ಟೋ ವರ್ಷ ಹಾಗೇ ಹೋಗಿ ಬಂದೆ. ಆಮೇಲೆ ಮೈದುನ ಹೋದ. ಈಗ ಆ ಹುಡುಗಿಯೂ ಇಲ್ಲ. ಅವಳ ಮಕ್ಕಳಿಗೆ ಫೋನು ಮಾಡಿ ಕೇಳಿದರೆ, ಅದೆಲ್ಲ ಅಮ್ಮನ ಕಾಲಕ್ಕೇ ನಿಂತುಹೋಯಿತು ಎಂದರು. ನನಗೂ ಎಂಬತ್ತು ದಾಟಿದೆ. ಹೊಳೆಗೆ ಇಳಿಯಲು ಮಂಡಿ ಬಿಡುವುದಿಲ್ಲ. ನಡುನಡುವೆ ಹೆಸರುಗಳು ಜಾರುತ್ತಿವೆ, ಒಂದು ವರ್ಷ ಎರಡು, ಇನ್ನೊಂದು ವರ್ಷ ಐದು… ಒಂದು ದಿನ ಅವ್ವನದೂ ಜಾರೀತು.

ಆ ಭಯಕ್ಕೇ ಇರಬೇಕು, ಇವತ್ತು, ಕಾರ್ತಿಕವೂ ಅಲ್ಲದ, ಸೋಮವಾರವೂ ಅಲ್ಲದ ದಿನ, ಹಾಸನದ ಈ ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಜೋರಾಗಿ ಕರೆದುಬಿಟ್ಟೆ. ಒಳಗೆ ಪೇಪರು ಓದುತ್ತಿದ್ದ ದೊಡ್ಡ ಮಗ ಕನ್ನಡಕ ತೆಗೆದು ಹೊರಗೆ ಬಂದ. ಅವನಿಗೆ ಕಥೆ ಗೊತ್ತು, ಹೆಸರು ಗೊತ್ತಿಲ್ಲ.

"ಯಾರನ್ನಮ್ಮ ಕರೆದೆ?"

"ಪಕ್ಕದ ಮನೆಯವರನ್ನ" ಎಂದೆ.

ಅವನು ಕಾಂಪೌಂಡಿನ ಆಚೆ ಇಣುಕಿದ. "ಆ ಹೆಸರಿನವರು ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಕಣೋ" ಎಂದೆ.