ಕೋಲ್ಡ್ ಸ್ಟೋರೇಜಿಗೆ ಹೋಗದ ಸೀಟು

2004ನೆಯ ಇಸವಿ. ಆಗ ನಾನು ಹಾವೇರಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕ. ಯಾರು ಯಾವ ಕೋರ್ಸಿಗೆ ಹೋಗಬೇಕೆಂದು ಸಲಹೆ ಕೊಡುವ ಕೆಲಸವೂ ನನಗೇ ಅಂಟಿಕೊಂಡಿತ್ತು. ಪಾಠದ ನಡುವೆ ಕಿಟಕಿಯಾಚೆಯ ಬೇವಿನ ಮರ ನೋಡುತ್ತ ಮೈಮರೆಯುವವನಿಗೆ ಈ ಲೆಕ್ಕಾಚಾರದ ಕೆಲಸ ವಹಿಸಿದವರ ಧೈರ್ಯ ದೊಡ್ಡದು.

ಕೃಷಿ ವಿಶ್ವವಿದ್ಯಾಲಯ ಒಂದೇ ಆದರೂ ಅದರ ಬಾಗಿಲುಗಳ ಅಗಲ ಬೇರೆ ಬೇರೆ. ಬಿಎಸ್ಸಿ ಅಗ್ರಿ ಸೀಟುಗಳು ಕೌನ್ಸೆಲಿಂಗ್ ಶುರುವಾಗುತ್ತಲೇ ಖಾಲಿ. ಕೊನೆಯ ಸೀಟು ಯಾವ ರ್‍ಯಾಂಕಿಗೆ ಸಿಕ್ಕಿತೋ ಅದಕ್ಕೆ ಕಟ್‌ಆಫ್ ಎನ್ನುತ್ತಾರೆ. ಅರಣ್ಯಶಾಸ್ತ್ರದ ಕಟ್‌ಆಫ್ ಬಹಳ ಕೆಳಗೆ. ಅಗ್ರಿ ಸಿಗದವರು ಹೋಗುವ ಅದನ್ನು ನಮ್ಮ ಕಡೆ 'ಕಟಗಿ ಕಾಲೇಜು', ಅಂದರೆ ಕಟ್ಟಿಗೆ ಕಾಲೇಜು, ಎಂದು ಛೇಡಿಸುತ್ತಿದ್ದರು.

ಅಗಡಿ ಎಂಬ ಹಳ್ಳಿಯ ಮಂಜುಳಾ ಆ ವರ್ಷದ ನನ್ನ ವಿದ್ಯಾರ್ಥಿನಿ. ಅವಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ರಾಣೆಬೆನ್ನೂರಿನ ಕೃಷ್ಣಮೃಗಧಾಮ. ತರಗತಿಯನ್ನು ಅಲ್ಲಿಗೆ ಕರೆದೊಯ್ದಿದ್ದೆ. ಬೆಳಗಿನ ಮಂಜಿನಲ್ಲಿ ಹುಲ್ಲು ತೇಲುತ್ತಿರುವಂತಿತ್ತು; ಅದರೊಳಗಿಂದ ಕೃಷ್ಣಮೃಗಗಳು ಸದ್ದಿಲ್ಲದೆ ನೆಗೆದು ಮರೆಯಾಗುತ್ತಿದ್ದವು. ಹೊರಡುವಾಗ ತಲೆ ಎಣಿಸಿದರೆ ಒಬ್ಬಳು ಕಡಿಮೆ. ಹುಡುಕಿಕೊಂಡು ಹೋದರೆ ಮಂಜುಳಾ ನೀಲಗಿರಿ ಮರವೊಂದಕ್ಕೆ ಒರಗಿ ನಿಂತಿದ್ದಳು. ಬಸ್ಸು ಹತ್ತುವುದು ಮರೆತೇಹೋಯಿತು ಎಂದಳು. ಬೈಯಬೇಕೆಂದು ಹೋದ ನಾನೂ ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಅಗ್ರಿ ಕಟ್‌ಆಫ್ ಅವಳಿಗೆ ಕೂದಲೆಳೆಯಲ್ಲಿ ತಪ್ಪಿತು. ಅರಣ್ಯಶಾಸ್ತ್ರದ ಸೀಟು ಸಿಕ್ಕಿತು. ಕಾಲೇಜು ಸೇರಲು ಮರುದಿನ ಕೊನೆಯ ದಿನ ಎನ್ನುವಾಗ ಓಡಿ ಬಂದಳು: ಅಪ್ಪ ಒಪ್ಪುತ್ತಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತರೆ ಪುಸ್ತಕಕ್ಕಿಂತ ಮೊದಲು ವರನ ಫೋಟೋ ಕೈಗೆ ಬರುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ. ಇಬ್ಬರೂ ರೈಲು ಹತ್ತಿ, ಅವಳಪ್ಪ ಮಾಲು ಮಾರಲು ಹೋಗಿದ್ದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದೆವು.

ಅವಳ ತಂದೆ ಬಸವಣ್ಣೆಪ್ಪನವರು ದಲಾಲಿ ಅಂಗಡಿಯ ಮುಂದೆ ಮೆಣಸಿನಕಾಯಿ ಚೀಲಗಳ ಮೇಲೆ ಕುಳಿತಿದ್ದರು. ಸುಗ್ಗಿಯಲ್ಲಿ ಮಾರದೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟಿದ್ದ ಮಾಲಿಗೆ ಅಂದು ಟೆಂಡರಿನಲ್ಲಿ ಒಳ್ಳೆಯ ದರ ಬಂದಿತ್ತು. ನನಗೆ ಚಹಾ ತರಿಸಿದರು. ನಾನು ಅರಣ್ಯಶಾಸ್ತ್ರದ ಬಗ್ಗೆ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ ನಕ್ಕರು.

"ರೇಟ್ ಬರಲಿಲ್ಲಂದ್ರ ನಾವು ಮಾಲು ಕೊಡಂಗಿಲ್ರಿ ಸರ. ಥಂಡ್ಯಾಗ ಇಡ್ತೀವಿ. ಬಣ್ಣಾ ಹಂಗ ಇರ್ತೈತಿ. ಈಕೀನೂ ಒಂದ್ ವರ್ಷ ತಡೀಲಿ, ಅಗ್ರೀನ ಸಿಗತೈತಿ."

ಕಣ್ಣೆದುರಿಗೇ ಗೆದ್ದ ವಾದ ಅದು. ಮಂಜುಳಾ ಚೀಲದಿಂದ ಒಂದು ಕಾಯಿ ತೆಗೆದು ಬೆರಳಲ್ಲಿ ತಿರುಗಿಸುತ್ತ ಮೆಲ್ಲಗೆ ಹೇಳಿದಳು: "ಕಾಯಿ ಬಣ್ಣಾ ಥಂಡ್ಯಾಗ ಉಳೀತೈತಿ, ಅಪ್ಪಾ. ನಂದು ಉಳಿಯಂಗಿಲ್ಲ."

ಚೀಲ ಹೊರುತ್ತಿದ್ದ ಹಮಾಲರೂ ನಿಂತರು. ಬಸವಣ್ಣೆಪ್ಪನವರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಬ್ಯಾಡಗಿಯ ಆ ಘಾಟಿನಲ್ಲಿ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ. ಟೋಪಿ ಮತ್ತೆ ಹಾಕಿಕೊಂಡು, "ಮುಂಜಾನಿ ಮೊದಲನೇ ಬಸ್ ಎಷ್ಟಕ್ಕೈತ್ರಿ ಸರ?" ಎಂದರು. ಮರುದಿನ ತಾವೇ ಅವಳ ಟ್ರಂಕು ಹೊತ್ತು ಹೋಗಿ ಸೇರಿಸಿ ಬಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಒಂದು ಸೀಟಿಗೆ ಎಷ್ಟು ಜನ ಮುಗಿಬಿದ್ದಿದ್ದಾರೆ ಎಂಬುದನ್ನಷ್ಟೇ ಕಟ್‌ಆಫ್ ಹೇಳುತ್ತದೆ. ಆ ಸೀಟು ಯಾರದು ಎಂದು ಅದು ಹೇಳಲಾರದು. ನಿವೃತ್ತನಾದ ಮೇಲೂ ಮಕ್ಕಳು ಅಂಕಪಟ್ಟಿ ಹಿಡಿದು ಮನೆಗೆ ಬರುತ್ತಾರೆ, ಯಾವ ಕಾಲೇಜು ಸಿಗುವುದು ಕಷ್ಟ ಎಂದು ಕೇಳುತ್ತಾರೆ. ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ನಾನೂ ಒಂದು ಪ್ರಶ್ನೆ ಕೇಳುತ್ತೇನೆ.

"ಅದಿರಲಿ, ನೀ ಎಲ್ಲಿ ಬಸ್ಸು ಹತ್ತೂದು ಮರ್ತೀದಿ, ಅದನ್ನ ಹೇಳು."