ಬೆಳಗಾದರೆ ಬರಿದಾಗುವ ಕಂಪ್ಯೂಟರ್

ಐನಾಪುರದ ಗೌಸಸಾಬ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು. ಮಗಳು ರುಕ್ಸಾರಳೂ ಸಾಲೆ ಬಿಟ್ಟ ಮೇಲೆ ಅದೇ ಅಂಗಡಿಯಲ್ಲಿ ತಂತಿ ಸುತ್ತಿದವಳು. ಈಚೆಗೆ ಒಂದು ಮೂಲೆಯಲ್ಲಿ ಹಳೆ ಕಂಪ್ಯೂಟರ್, ಪ್ರಿಂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡತೊಡಗಿದ್ದಳು. ವಿಂಡೋಸಿನ ಭಾರಕ್ಕೆ ಆ ಪೆಟ್ಟಿಗೆ ಏದುಸಿರು ಬಿಡುತ್ತಿತ್ತು. ಚಿಕ್ಕೋಡಿಯ ರಿಪೇರಿ ಹುಡುಗ ವಿಶಾಲ ಬಂದು ಅದನ್ನು ತೆಗೆದು ಲಿನಕ್ಸ್ ಎಂಬ ಹಗುರವಾದ ಬೇರೆ ವ್ಯವಸ್ಥೆ ಹಾಕಿಕೊಟ್ಟ. "ಬೇಕಾದ ಸಾಫ್ಟವೇರ ಈ ಪ್ಯಾಕೇಜ್ ಮ್ಯಾನೇಜರ ಒತ್ತಿ ನೆಟ್ಟಿನಿಂದ ಇಳಿಸ್ಕೋರಿ ಅಕ್ಕಾ, ತಾನ ಉಳಿಸ್ಕೊಂತೈತಿ" ಅಂದು ಹೋದ.

ಇಳಿಯಬೇಕಲ್ಲ! ಅದರೊಳಗಿದ್ದ, ಸಾಫ್ಟವೇರ್ ಸಿಗುವ ಜಾಲತಾಣದ ವಿಳಾಸವೇ ಹಳೆಯದು. ಒತ್ತಿದಾಗೆಲ್ಲ ಸಿಗಲಿಲ್ಲ ಎನ್ನುತ್ತಿತ್ತು. ರುಕ್ಸಾರ ಮೊಬೈಲಿನಲ್ಲಿ ಹುಡುಕಿ ಹೊಸ ವಿಳಾಸ ಹಾಕಿ, ಪ್ರಿಂಟರಿನ ಪ್ಯಾಕೇಜನ್ನೂ ಕನ್ನಡ, ಮರಾಠಿ ಅಕ್ಷರಗಳ ಪ್ಯಾಕೇಜನ್ನೂ ಇಳಿಸಲು ಹಚ್ಚಿದಳು. ಒಂದನ್ನು ಎಳೆದರೆ ಅದಕ್ಕೆ ಬೇಕಾದ ಇನ್ನೆರಡು ಹಿಂದೆಯೇ ಬರುತ್ತಿದ್ದವು. ಹೊತ್ತು ಮುಳುಗಿದರೂ ಮುಗಿಯಲಿಲ್ಲ. ಹಾಗೇ ಬಿಟ್ಟು ಅಡುಗೆಗೆಂದು ಮನೆಗೆ ಹೋದಳು. ಬೆಳಿಗ್ಗೆ ಬಂದು, ರಾತ್ರಿ ಕರೆಂಟು ಹೋಗಿ ಆರಿರಬೇಕೆಂದು ಮತ್ತೆ ಚಾಲೂ ಮಾಡಿದರೆ ಒಳಗೆ ಏನೂ ಇಲ್ಲ, ಹಾಕಿದ ವಿಳಾಸ ಕೂಡ ಇಲ್ಲ. ಮರುದಿನವೂ ಅದೇ ಕತೆ.

ಫೋನಿನಲ್ಲಿ ವಿಶಾಲ ನಕ್ಕ. "ನೀವ ಏನರೆ ಒತ್ತಿರಬೇಕ್ರಿ ಅಕ್ಕಾ."

ಅವಳ ಮೈಯೆಲ್ಲ ಉರಿಯಿತು.

ಇತ್ತ ಲಗ್ನಪತ್ರಿಕೆಗೆ ಹೇಳಿಹೋಗಿದ್ದ ಊರಿನ ಮುರಗೆಪ್ಪ ಬಾಗಿಲಲ್ಲೇ ನಿಂತಿದ್ದ. ಮಗಳ ಲಗ್ನ, ಬೀಗರು ಮಿರಜದವರು. ಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮರಾಠಿ ಆಗಬೇಕು. "ನಾಳೆ ಆಗಲಿಲ್ಲಂದ್ರ ಕಾಗವಾಡದಾಗ ಮಾಡಸ್ತೀನಿ ತಂಗಿ. ಮೋಟಾರಿನ ಅಂಗಡ್ಯಾಗ ಕಾರ್ಡ ಮಾಡಾಕ ಕೊಟ್ಟಿದ್ದ ನನ್ನ ಶಾಣ್ಯಾತನ!" ಇವನು ಕೈಬಿಟ್ಟು ಹೋದರೆ ಊರಲ್ಲಿ ಇನ್ನೊಬ್ಬರು ತನ್ನ ಮೂಲೆಗೆ ಬರುವುದಿಲ್ಲ ಎಂದು ರುಕ್ಸಾರಳಿಗೆ ಗೊತ್ತಿತ್ತು.

ಮತ್ತೆ ಎಲ್ಲ ಇಳಿಸಿದಳು. ಆ ಸಂಜೆ ಏನಾಗುತ್ತದೋ ನೋಡಿಯೇ ಬಿಡೋಣವೆಂದು ಸಿಟ್ಟಿಗೆ ಮನೆಗೇ ಹೋಗಲಿಲ್ಲ. ಗೌಸಸಾಬ ಕೈ ತೊಳೆದು ಬಂದವನೇ ಮೇನ್ ಸ್ವಿಚ್ ಕೆಳಗೆಳೆದ. ಪರದೆ ಕಪ್ಪಾಯಿತು.

"ಅಬ್ಬಾ! ದಿನಾ ಹಿಂಗ ಮಾಡತೀರೇನ?" ಎಂದು ಅಪ್ಪನ ಮೇಲೆ ರೇಗಿದಳು.

"ಮತ್ತ? ಓಲ್ಟೇಜ ಕುಣದ್ರ ಮೋಟಾರನ ಉಳಿಯಂಗಿಲ್ಲ, ನಿನ್ನ ಡಬ್ಬಿ ಉಳದೀತ? ಅದನ್ನ ಕಾಯಾಕಂತನ ತಗೀತೀನಿ."

"ಕಾಯಾಕಲ್ಲ, ಕೊಲ್ಲಾಕ!"

ಅಲ್ಲಿಂದಲೇ ವಿಶಾಲನಿಗೆ ಫೋನು ಹಚ್ಚಿ ಸ್ವಿಚ್ಚಿನ ಸಂಗತಿ ಹೇಳಿದಳು. ಅವನು ಆಕಳಿಸುತ್ತ ಹೇಳಿದ: "ಕಂಪ್ಯೂಟರಿನ ಒಳಗಿಂದ ಬಂದ್ ಮಾಡಿದಾಗಷ್ಟ ಉಳಸತೈತ್ರಿ. ಅಲ್ಲೀತನಕ ಎಲ್ಲಾ ಮೆಮರ್ಯಾಗ ಇರತೈತಿ, ಕರೆಂಟ ತಗದ್ರ ಅಳಿಸಿ ಹೋಗತೈತಿ. ಇದ ಎಲ್ಲಾರಿಗೂ ಗೊತ್ತಿದ್ದದ್ದ."

"ನನಗ ಯಾರ ಹೇಳ್ಯಾರಲೇ? ತಾನ ಉಳಿಸ್ಕೊಂತೈತಿ ಅಂದ ಬಾಯಿ ಯಾವುದ? ಮ್ಯಾಲ ನನ್ನ ಕೈಗೆ ತಪ್ಪ ಹಚ್ಚಿ ನಗತೀ?"

ಫೋನು ಕತ್ತರಿಸಿದಳು. ಸ್ವಿಚ್ ಮೇಲೆತ್ತಿದಳು, ಗೊಣಗುವ ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದಳು, ಅರ್ಧರಾತ್ರಿಯ ತನಕ ಕೂತು ಮೊದಲಿನಿಂದ ಎಲ್ಲ ಇಳಿಸಿದಳು. ಬಂದ್ ಮಾಡುವಾಗ ಕಂಪ್ಯೂಟರು 'ಉಳಿಸಲೇ?' ಎಂದು ಕೇಳಿತು. ಗುದ್ದಿದ ಹಾಗೆ ಕೀಲಿ ಒತ್ತಿದಳು. ಪರದೆ ತಾನಾಗಿ ಆರಿದ ಮೇಲೆಯೇ, "ಈಗ ಎಳೀರಿ" ಅಂದಳು.

ಬೆಳಿಗ್ಗೆ ಎಲ್ಲವೂ ಇದ್ದಲ್ಲೇ ಇದ್ದವು. ಮುರಗೆಪ್ಪ ಬಿಸಿ ಆರದ ಪತ್ರಿಕೆಯನ್ನು ಆ ಮಗ್ಗುಲು ಈ ಮಗ್ಗುಲು ತಿರುವಿದ. "ಇಷ್ಟಕ್ಕ ಇಷ್ಟ ದಿನಾ ಬೇಕಾತೇನ ತಂಗಿ?"

"ಹೌದ್ರಿ ಕಾಕಾ, ಇಷ್ಟಕ್ಕ," ಅಂದಳು ರುಕ್ಸಾರ, ತಲೆ ಎತ್ತದೆ. "ಪತ್ರಿಕ್ಯಾಗ ಯಾರದರೆ ಹೆಸರ ತಪ್ಪಿದ್ರ ಈಗ ಹೇಳ್ರಿ. ಬೀಗರ ಮುಂದ ನಿಂತು ನನ್ನ ಹೆಸರ ತಗೀಬ್ಯಾಡ್ರಿ."